ಪಂಪ್ ಶಾಲೆಯಲ್ಲೇ ಇತ್ತು, ಬೀಗದ ಕೈ ಇರಲಿಲ್ಲ

ಈ ಚಾನೆಲ್‌ನಲ್ಲಿ ಸಾಮಾನ್ಯವಾಗಿ ಕೆಲಸ ಬದಲಾಯಿಸೋದು, ಹೋಮ್ ಲೋನ್, ಊರಲ್ಲಿರೋ ಅಪ್ಪ-ಅಮ್ಮನ ಇನ್ಶೂರೆನ್ಸ್ ಇಂಥ ವಿಷಯ ಮಾತಾಡ್ತೀವಿ. ನಾನು ಇವತ್ತು ಮಾತಾಡೋದು ಒಂದು ಕಬ್ಬಿಣದ ಬೀರುವಿನ ಬಗ್ಗೆ. ನನ್ನ ಮಗಳ ಶಾಲೆಯ ಮೆಡಿಕಲ್ ರೂಮಿನಲ್ಲಿರೋ ಬೀರು.

ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ಮೂರು ವರ್ಷದವಳಿದ್ದಾಗಿಂದ ಆಸ್ತಮಾ ಇದೆ. ನಾಲ್ಕನೇ ವರ್ಷ ನಾಗರಪಂಚಮಿಗೆ ಧಾರವಾಡಕ್ಕೆ ಹೋದಾಗ ಇನ್ನೊಂದು ಗೊತ್ತಾಯ್ತು. ಅರ್ಧ ಶೇಂಗಾ ಉಂಡಿ ತಿಂದು ಹತ್ತು ನಿಮಿಷದಲ್ಲಿ ತುಟಿ ಬಾತುಕೊಂಡು, ಮೈತುಂಬ ದದ್ದು ಎದ್ದು, ವಾಂತಿ, ಆಮೇಲೆ ನಿಲ್ಲದ ಕೆಮ್ಮು. ಆಸ್ಪತ್ರೆಯಲ್ಲಿ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು, ಕೆಲವೇ ನಿಮಿಷದಲ್ಲಿ ಕೂಸು ಕಣ್ಣು ಬಿಟ್ಟು ನೀರು ಕೇಳಿತು. ಅದು ಅಡ್ರಿನಲಿನ್ ಅಂತ ಆಮೇಲೆ ತಿಳೀತು. ಶೇಂಗಾ ಚಟ್ನಿಪುಡಿ ಇಲ್ಲದೆ ಊಟ ಇಳಿಯದ ಮನೆಯಲ್ಲಿ ಹುಟ್ಟಿದ ಕೂಸಿಗೆ ಶೇಂಗಾ ಅಲರ್ಜಿ. ನಾವಿರೋದು ಪುಣೆಯಲ್ಲಿ. ಇಲ್ಲಿ ಸಾಬುದಾಣಾ ಖಿಚಡಿಗೆ, ಪಲ್ಯಕ್ಕೆ, ಕೋಸಂಬರಿಗೆ, ಎಲ್ಲಕ್ಕೂ ಶೇಂಗಾ ಪುಡಿ ಬೀಳುತ್ತೆ. ಸಂಕ್ರಾಂತಿಗೆ ನಮ್ಮ ಎಳ್ಳು-ಬೆಲ್ಲದಲ್ಲೂ ಶೇಂಗಾ, ಇವರ ತಿಳಗೂಳದಲ್ಲೂ ಶೇಂಗಾ.

ಈಗ ಬೀರುವಿನ ಕಥೆ. ಹೋದ ವರ್ಷ ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ಮೊದಲ ವಾರ. ಪಟಾಕಿ ಹೊಗೆ ಇನ್ನೂ ಗಾಳಿಯಲ್ಲಿತ್ತು, ವಾಕಡ್ ಕಡೆಯ ಕಟ್ಟಡ ಕೆಲಸದ ಧೂಳಂತೂ ಯಾವಾಗಲೂ ಇದ್ದದ್ದೇ. ಪಿಟಿ ಪೀರಿಯಡ್‌ನಲ್ಲಿ ಎರಡು ಸುತ್ತು ಓಡಿದಳು, ಕೆಮ್ಮು ಶುರುವಾಯ್ತು. ಪಿಟಿ ಸರ್ ನೀರು ಕುಡಿಸಿ ನೆರಳಲ್ಲಿ ಕೂರಿಸಿದರು. ಕೆಮ್ಮು ಏರಿತು. ಮೆಡಿಕಲ್ ರೂಮಿಗೆ ನಡೆಸಿಕೊಂಡು ಹೋದರು. ಮೊದಲ ಮಹಡಿ, ಮೆಟ್ಟಿಲು ಹತ್ತಿ. ಬೀರುವಿಗೆ ಬೀಗ. ಕೈ ನರ್ಸ್ ಹತ್ತಿರ, ನರ್ಸ್ ಇನ್ನೊಂದು ಕಟ್ಟಡದಲ್ಲಿ ಬಿದ್ದ ಹುಡುಗನೊಬ್ಬನ ಮೊಣಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಅವರನ್ನು ಹುಡುಕಿ ಕರೆತಂದು ಬಾಗಿಲು ತೆಗೆಯೋ ಹೊತ್ತಿಗೆ ಹನ್ನೆರಡು ನಿಮಿಷ. ಕಾರಿಡಾರ್‌ನ ಕ್ಯಾಮೆರಾ ನೋಡಿ ಆಮೇಲೆ ನಾನೇ ಎಣಿಸಿದೆ. ಆ ಹನ್ನೆರಡು ನಿಮಿಷ ಅವಳ ಪಕ್ಕ ಕೂತು ಬೆನ್ನು ಸವರುತ್ತಿದ್ದವರು ಕಸ ಗುಡಿಸೋ ಮಾವಶಿ. 'ಪಂಪ್ ಕುಠೆ ಆಹೆ, ಬಾಳಾ?' ಅಂತ ಕೇಳ್ತಿದ್ದರಂತೆ. ಅವಳು ಬೀರು ಕಡೆ ಬೆರಳು ತೋರಿಸಿದ್ದಾಳೆ. ಮಾತು ಹೊರಡ್ತಿರಲಿಲ್ಲ.

ಆಸ್ಪತ್ರೆಗೆ ಒಯ್ದೆವು, ನೆಬ್ಯುಲೈಸರ್ ಹಾಕಿದರು, ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು. ಆರಾಮಾದಳು.

ಶಾಲೆ ಮೇಲೆ ಕೂಗಾಡೋದು ಸುಲಭ ಇತ್ತು, ಮೊದಲ ದಿನ ಕೂಗಾಡಿದೆ ಕೂಡ. ಆದರೆ ನಾನು ಮಾಡಿದ್ದೇನು? ಜೂನ್‌ನಲ್ಲಿ ಇನ್ಹೇಲರ್, ಡಾಕ್ಟರ್ ಚೀಟಿ, ತುಂಬಿದ ಫಾರ್ಮ್ ಆಫೀಸಿನಲ್ಲಿ ಕೊಟ್ಟು, ಮನಸ್ಸಿನಲ್ಲೇ ಟಿಕೆಟ್ ಕ್ಲೋಸ್ ಮಾಡಿ ಬಂದಿದ್ದೆ. ಅದನ್ನು ಎಲ್ಲಿಡ್ತೀರಿ ಅಂತ ಕೇಳಲಿಲ್ಲ. ಇನ್ನೂ ನಾಚಿಕೆಯ ವಿಷಯ: ಸ್ಪೇಸರ್ ಕೊಟ್ಟೇ ಇರಲಿಲ್ಲ. ಮನೆಯಲ್ಲಿ ಒಂದೇ ಇತ್ತು. ಏಳು ವರ್ಷದ ಕೂಸು ಏದುಸಿರು ಬಿಡುವಾಗ ಬರಿ ಪಂಪನ್ನು ಬಾಯಲ್ಲಿಟ್ಟು ಒತ್ತಿದರೆ ಔಷಧಿಯ ಹೆಚ್ಚಿನ ಭಾಗ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತೆ. ಸ್ಪೇಸರ್ ಅನ್ನೋ ಆ ಪ್ಲಾಸ್ಟಿಕ್ ಕೊಳವೆ ಇದ್ದರೆ ಔಷಧಿ ಅದರಲ್ಲಿ ನಿಲ್ಲುತ್ತೆ, ಮಗು ತನ್ನ ಪಾಡಿಗೆ ಉಸಿರಾಡಿ ಎಳೆದುಕೊಳ್ಳುತ್ತೆ. ಕೆಲವು ನೂರು ರೂಪಾಯಿಯ ವಸ್ತು. ನಮ್ಮ ಕೆಲಸದಲ್ಲಿ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತ ದಿನಕ್ಕೆ ನಾಲ್ಕು ಸಲ ಹೇಳ್ತೀನಿ, ಮಗಳ ವಿಷಯದಲ್ಲಿ ಒಂದು ಬೀರು, ಒಂದು ಬೀಗ, ಒಬ್ಬ ನರ್ಸ್ ಮೇಲೆ ಎಲ್ಲ ಬಿಟ್ಟಿದ್ದೆ.

ಆ ವಾರ ರಾತ್ರಿಯೆಲ್ಲ ಓದುತ್ತಾ ಕೂತೆ. ಕೆನಡಾದ ಒಂಟಾರಿಯೊದಲ್ಲಿ ರಯಾನ್ ಗಿಬ್ಬನ್ಸ್ ಅಂತ ಹನ್ನೆರಡು ವರ್ಷದ ಹುಡುಗ, 2012ರಲ್ಲಿ ಶಾಲೆಯಲ್ಲಿ ಆಸ್ತಮಾ ಬಂದು ತೀರಿಹೋದ. ಅವನ ಇನ್ಹೇಲರ್ ಪ್ರಿನ್ಸಿಪಾಲರ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದರು. ಅವನ ತಾಯಿ ಹೋರಾಡಿದರು, 2015ರಲ್ಲಿ ಅವನ ಹೆಸರಲ್ಲೇ ಕಾನೂನು ಬಂತು: ಹೆತ್ತವರ ಒಪ್ಪಿಗೆ ಇದ್ದರೆ ಮಗು ತನ್ನ ಇನ್ಹೇಲರ್ ತನ್ನ ಹತ್ತಿರವೇ ಇಟ್ಟುಕೊಳ್ಳಬಹುದು. ಅದಕ್ಕೂ ಮೊದಲು ಅದೇ ಒಂಟಾರಿಯೊದಲ್ಲಿ ಸಬ್ರೀನಾ ಶಾನನ್ ಅನ್ನೋ ಹುಡುಗಿ 2003ರಲ್ಲಿ ಶಾಲೆಯ ಕ್ಯಾಂಟೀನಿನ ತಿಂಡಿಯಿಂದ ಅಲರ್ಜಿಯಾಗಿ ಸತ್ತಳು, ಅವಳ ಹೆಸರಿನ ಕಾನೂನು 2006ರಿಂದ ಜಾರಿಯಲ್ಲಿದೆ. ಬ್ರಿಟನ್ನಿನಲ್ಲಿ 2014ರ ಅಕ್ಟೋಬರ್‌ನಿಂದ ಶಾಲೆಗಳು ತುರ್ತಿಗೆ ಅಂತ ಒಂದು ಹೆಚ್ಚುವರಿ ಇನ್ಹೇಲರ್ ತಾವೇ ಕೊಂಡಿಡಬಹುದು, 2017ರಿಂದ ಅಡ್ರಿನಲಿನ್ ಪೆನ್ ಕೂಡ.

ಇದನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಪ್ರಿನ್ಸಿಪಾಲ್ ಮೇಡಂ ಮುಂದೆ ಕೂತೆ. ಅವರು ಶಾಂತವಾಗಿ ಓದಿ, 'ಸರ್, ಇದು ಕೆನಡಾ. ಇಲ್ಲಿ ನನ್ನ ಟೀಚರ್ ಔಷಧಿ ಕೊಟ್ಟು ಏನಾದರೂ ಆದರೆ ಪೊಲೀಸ್ ಸ್ಟೇಷನ್‌ಗೆ ಹೋಗೋರು ಯಾರು?' ಅಂದರು. ಅವರಿಗೆ ತೋರಿಸೋಕೆ ಇಲ್ಲಿಯ ಕಾನೂನು ಅಂತ ನನ್ನ ಹತ್ತಿರ ಏನೂ ಇರಲಿಲ್ಲ. ಅವರ ಭಯ ಸುಳ್ಳಲ್ಲ. ನಾನು ಕೆನಡಾ ಕಾಗದ ಮಡಚಿಟ್ಟೆ. ಸಭೆ ಗೆಲ್ಲೋಕೆ ಹೋದವನು ಹಾಗೇ ವಾಪಸ್ ಬಂದೆ.

ಎರಡನೇ ಸಲ ಹೋದಾಗ ನನ್ನ ಹೆಂಡತಿಯೂ ಬಂದಳು, ಮಕ್ಕಳ ಡಾಕ್ಟರ್ ಬರೆದು ಸಹಿ ಮಾಡಿದ ಒಂದೇ ಒಂದು ಪುಟ ತಂದಿದ್ದೆವು. ಅವಳೇ ಮಾತಾಡಿದಳು. 'ಮೇಡಂ, ನಿಮ್ಮ ಟೀಚರ್ ಏನೂ ನಿರ್ಧಾರ ಮಾಡೋದು ಬೇಡ. ಇದರಲ್ಲಿ ಬರೆದದ್ದನ್ನ ಓದಿ ಮಾಡಿದರೆ ಸಾಕು. ಸಹಿ ಡಾಕ್ಟರದು, ಒಪ್ಪಿಗೆ ನಮ್ಮದು.' ಕೆಲಸ ಆಗಿದ್ದು ಅಲ್ಲಿ. ಆಫೀಸಿನಲ್ಲಿ ರಾತ್ರಿ ಎರಡು ಗಂಟೆಗೆ ಆನ್-ಕಾಲ್ ಹುಡುಗನ ಕೈಗೆ ನಾವು ರನ್‌ಬುಕ್ ಕೊಡ್ತೀವಲ್ಲ, ಸಿಸ್ಟಂ ಡಿಸೈನ್ ಪುಸ್ತಕ ಕೊಡಲ್ಲ, ಹಾಗೆ.

ಆ ಪುಟದಲ್ಲಿ ಫೋಟೋ ಇದೆ, ತೂಕ ಇದೆ, ಮೂರು ಫೋನ್ ನಂಬರ್ ಇದೆ. ಆಸ್ತಮಾಕ್ಕೆ: ನೆಟ್ಟಗೆ ಕೂರಿಸಿ, ಮಲಗಿಸಬೇಡಿ, ನಡೆಸಬೇಡಿ. ಪಂಪ್ ಮಗುವಿನ ಹತ್ತಿರ ಬರಬೇಕು, ಮಗು ಪಂಪ್ ಹತ್ತಿರ ಹೋಗಬಾರದು. ಅಲುಗಾಡಿಸಿ, ಸ್ಪೇಸರ್‌ಗೆ ಹಾಕಿ, ಒಂದು ಸಲ ಒತ್ತಿ, ನಾಲ್ಕರಿಂದ ಆರು ಉಸಿರು. ಹೀಗೆ ಒಂದೊಂದಾಗಿ ನಾಲ್ಕು ಪಫ್. ನಾಲ್ಕು ನಿಮಿಷ ಕಾಯಿರಿ. ಕಡಿಮೆ ಆಗದಿದ್ದರೆ ಮತ್ತೆ ನಾಲ್ಕು. ಆಗಲೂ ಇಲ್ಲ ಅಂದರೆ 108ಕ್ಕೆ ಫೋನ್ ಮಾಡಿ, ಗಾಡಿ ಬರೋ ತನಕ ಕೊಡುತ್ತಾ ಇರಿ. ಒಂದು ಪೂರ್ತಿ ವಾಕ್ಯ ಹೇಳಲಾಗದಿದ್ದರೆ, ಉಸಿರೆಳೆದಾಗ ಪಕ್ಕೆಲುಬಿನ ಮಧ್ಯೆ ಚರ್ಮ ಒಳಗೆ ಸೆಳೆದರೆ, ತುಟಿ ನೀಲಿಯಾದರೆ ಫೋನ್ ಮೊದಲೇ ಹೋಗಬೇಕು. ಸುಂಯ್ ಶಬ್ದ ನಿಂತರೆ ಆರಾಮಾಯ್ತು ಅಂದುಕೊಳ್ಳಬೇಡಿ ಅನ್ನೋ ಸಾಲಿಗೆ ಡಾಕ್ಟರ್ ಎರಡು ಗೆರೆ ಎಳೆದಿದ್ದಾರೆ. ಗಾಳಿಯೇ ಓಡಾಡದಿದ್ದರೆ ಶಬ್ದವೂ ಬರಲ್ಲ. ಇದು ನನ್ನ ಮಗಳ ಪುಟ. ನಿಮ್ಮ ಮಗುವಿನದು ನಿಮ್ಮ ಡಾಕ್ಟರ್ ಬರೀಬೇಕು, ನನ್ನದನ್ನ ಕಾಪಿ ಮಾಡಬೇಡಿ.

ಶಾಲೆಗೆ ಕೊಟ್ಟ ಪಂಪ್ ಸಾಲ್ಬುಟಮಾಲ್, ನೀವು ಆಸ್ತಾಲಿನ್ ಅನ್ನೋದು. ದಿನಾ ಬೆಳಿಗ್ಗೆ-ರಾತ್ರಿ ತಗೊಳ್ಳೋ ಇನ್ನೊಂದು ಮನೆಯಲ್ಲೇ ಇರುತ್ತೆ, ಅದರಿಂದ ಆ ಕ್ಷಣದ ಏದುಸಿರು ಇಳಿಯಲ್ಲ. ಬಣ್ಣ ನೋಡಿ ಗುರುತಿಸೋದು ಬೇಡ ಅಂತ ದೊಡ್ಡ ಚೀಟಿ ಅಂಟಿಸಿದ್ದೇವೆ.

ಅಡ್ರಿನಲಿನ್ ವಿಷಯ ಕಷ್ಟದ್ದು. ಅಮೆರಿಕದಲ್ಲಿರೋ ಗೆಳೆಯರಿಗೆ ಗೊತ್ತಿರುತ್ತೆ, ಅಲ್ಲಿ ಪೆನ್ ಥರದ ಆಟೋ-ಇಂಜೆಕ್ಟರ್ ಇದೆ, ತೊಡೆಗೆ ಒತ್ತಿದರೆ ಮುಗೀತು. ಅದು ಇಲ್ಲಿ ಓಣಿಯ ಮೆಡಿಕಲ್ ಶಾಪಿನಲ್ಲಿ ಸಿಗೋ ವಸ್ತು ಅಲ್ಲ. ಹೊರಗಿಂದ ತರಿಸಿಕೊಂಡವರು ಇದ್ದಾರೆ, ಸಾವಿರಾರು ರೂಪಾಯಿ, ಒಂದೂವರೆ ವರ್ಷದೊಳಗೆ ಅವಧಿ ಮುಗಿಯುತ್ತೆ. ಇಲ್ಲಿ ಸಿಗೋದು ಒಂದು ಮಿಲಿಲೀಟರಿನ ಗಾಜಿನ ಆಂಪುಲ್, ಒಂದು ಪ್ಲೇಟ್ ಮಿಸಳ್‌ಗಿಂತ ಅಗ್ಗ. ಆದರೆ ಗಾಜು ಒಡೆದು, ಸಣ್ಣ ಸಿರಿಂಜಿನಲ್ಲಿ ಅಳತೆ ಎಳೆದು ಚುಚ್ಚಬೇಕು. ಕೆಜಿಗೆ 0.01 ಮಿಲಿಗ್ರಾಂ ಲೆಕ್ಕ, 22 ಕೆಜಿಗೆ 0.22 ಮಿಲಿ. ಕೈ ನಡುಗುವಾಗ ದಶಾಂಶ ತಪ್ಪಿದರೆ ಹತ್ತು ಪಟ್ಟು ಹೋಗುತ್ತೆ. ಅದಕ್ಕೆ ಇದನ್ನ ಟೀಚರ್ ಮೇಲೆ ಹೊರಿಸಲಿಲ್ಲ. ನರ್ಸ್ ಡಾಕ್ಟರ್ ಕ್ಲಿನಿಕ್‌ಗೇ ಬಂದು ಕಲಿತರು, ಸಿರಿಂಜ್ ಮೇಲೆ ಗೆರೆ ಎಲ್ಲಿಗೆ ಬರಬೇಕು ಅನ್ನೋ ಚಿತ್ರ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದೆವು. ನರ್ಸ್ ರಜೆ ಇದ್ದರೆ? ಶಾಲೆಯಿಂದ ಆರು ನಿಮಿಷದ ದೂರದಲ್ಲಿ ನರ್ಸಿಂಗ್ ಹೋಮ್ ಇದೆ, ಅವರ ಕ್ಯಾಶುಯಲ್ಟಿಗೂ ಒಂದು ಪುಟ ಕೊಟ್ಟಿದ್ದೇವೆ. ಇದು ಪೂರ್ತಿ ಉತ್ತರ ಅಲ್ಲ, ಗೊತ್ತು.

ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದೆ. ಶಾಲೆಯ ಹಳೆ ಪದ್ಧತಿ, ಅಲರ್ಜಿ ಅಂದರೆ ಒಂದು ಏವಿಲ್ ಮಾತ್ರೆ ಕೊಟ್ಟು ಮಲಗಿಸೋದು. ಆ ಮಾತ್ರೆಯಿಂದ ದದ್ದು, ತುರಿಕೆ ಕಡಿಮೆ ಆಗಬಹುದು. ಬಿಗಿಯುತ್ತಿರೋ ಗಂಟಲು, ಬೀಳುತ್ತಿರೋ ಬಿಪಿ ಅದರಿಂದ ನಿಲ್ಲಲ್ಲ. ಮುಖ ತಿಳಿಯಾಯ್ತು ಅಂತ ಎಲ್ಲರೂ ನಿರಾಳ ಆಗಿರ್ತಾರೆ, ಒಳಗೆ ಕೆಲಸ ಕೆಡುತ್ತಾ ಇರುತ್ತೆ. ಶೇಂಗಾ ತಿಂದ ಮೇಲೆ ಉಸಿರು ಕಟ್ಟಿದರೆ ಮೊದಲು ಅಡ್ರಿನಲಿನ್, ಪಂಪ್ ಆಮೇಲೆ. ಚುಚ್ಚಿದ ಮೇಲೂ ಎದ್ದು ನಿಲ್ಲಿಸಬಾರದು, ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆ ಬಿಟ್ಟು ಮತ್ತೊಂದು ಅಲೆ ಬರಬಹುದು.

ಇಷ್ಟಾದ ಮೇಲೆ ಶಾಲೆಯವರು ಒಳ್ಳೆ ಮನಸ್ಸಿನಿಂದಲೇ ಒಂದು ಕೆಲಸ ಮಾಡಿದರು. ಊಟದ ಹೊತ್ತಿಗೆ ಅವಳನ್ನ ಬೇರೆ ಮೇಜಿಗೆ ಕೂರಿಸಿದರು. ಒಬ್ಬಳನ್ನೇ. ಮೂರನೇ ದಿನ ಡಬ್ಬಿ ಹಾಗೇ ವಾಪಸ್ ಬಂತು. 'ಅಪ್ಪಾ, ನಾ ಏನರ ತಪ್ಪು ಮಾಡೀನೇನು?' ಅಂದಳು. ನಿಜ ಹೇಳ್ತೀನಿ, ಆ ಹನ್ನೆರಡು ನಿಮಿಷಕ್ಕಿಂತ ಇದು ನನಗೆ ಹೆಚ್ಚು ಚುಚ್ಚಿತು. ಮತ್ತೆ ಹೋಗಿ ಕೇಳಿಕೊಂಡೆವು. ಈಗ ಅವಳ ಬೆಂಚಿನ ನಾಲ್ಕು ಮಕ್ಕಳ ಮನೆಯವರು ಶೇಂಗಾ ಇಲ್ಲದ ಡಬ್ಬಿ ಕಳಿಸ್ತಾರೆ, ಅವಳು ಅವರ ಜೊತೆಗೇ ಉಣ್ಣುತ್ತಾಳೆ. ಆ ನಾಲ್ಕು ಮನೆಗೆ ನನ್ನ ಹೆಂಡತಿ ಖುದ್ದು ಹೋಗಿ ಕೇಳಿದ್ದಳು. ಬರ್ತ್‌ಡೇ ಚಾಕೊಲೇಟ್ ಬಂದರೆ ಟೀಚರ್ ಪ್ಯಾಕೆಟ್ ಹಿಂಭಾಗ ನೋಡ್ತಾರೆ. ಶೇಂಗಾ, ಹಾಲು, ಮೊಟ್ಟೆ, ಸೋಯಾ ಇದ್ದರೆ ಪ್ಯಾಕೆಟ್ ಮೇಲೆ ಬರೀಲೇಬೇಕು ಅನ್ನೋದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಲ್ಲೇ ಇದೆ. ಬೇಕರಿಯ ಬಿಡಿ ಕೇಕ್‌ಗೆ ಹಿಂಭಾಗ ಎಲ್ಲಿಂದ ಬರಬೇಕು? ಅದನ್ನ ಮುಟ್ಟಲ್ಲ.

ಪಂಪ್ ಮತ್ತು ಸ್ಪೇಸರ್ ಈಗ ಕಿತ್ತಳೆ ಬಣ್ಣದ ಚೀಲದಲ್ಲಿ, ಕ್ಲಾಸಿನ ಬಾಗಿಲ ಹಿಂದಿನ ಮೊಳೆಗೆ. ಬೀಗ ಇಲ್ಲ. ಮೈದಾನಕ್ಕೆ ಹೋದರೆ ಚೀಲವೂ ಹೋಗುತ್ತೆ, ಪಿಟಿ ಸರ್ ಹೆಗಲಿಗೆ. ಎರಡನೇ ಸೆಟ್ ಮೆಡಿಕಲ್ ರೂಮಿನಲ್ಲಿ. ಇದೆಲ್ಲ ಮುಗಿಸಿ ಖುಷಿಯಾಗಿದ್ದಾಗ ಮಗಳೇ ಕೇಳಿದಳು, 'ಬಸ್ಸಿನಾಗ?' ದಿನಕ್ಕೆ ಒಂದೂವರೆ ಗಂಟೆ ಹಿಂಜವಡಿ ಟ್ರಾಫಿಕ್ಕಿನಲ್ಲಿ ಕೂರ್ತಾಳೆ, ಅದನ್ನ ನಾವಿಬ್ಬರೂ ಯೋಚನೆ ಮಾಡಿರಲೇ ಇಲ್ಲ. ಮೂರನೇ ಸೆಟ್ ಅವಳ ಬ್ಯಾಗಿನಲ್ಲಿದೆ. ಬಸ್ಸಿನ ಮಾವಶಿಗೆ ಖಾಲಿ ಪಂಪ್ ಇಟ್ಟು ನಾನೇ ಮರಾಠಿಯಲ್ಲಿ ಹೇಳಿಕೊಟ್ಟೆ. ನನ್ನ ಮರಾಠಿ ಕೇಳಿ ನಕ್ಕರು, ಆದರೆ ಎರಡೇ ಸಲಕ್ಕೆ ಸರಿಯಾಗಿ ಮಾಡಿ ತೋರಿಸಿದರು. ಪಿಟಿ ಸರ್‌ಗೆ ನಾಲ್ಕು ಸಲ ಬೇಕಾಯ್ತು.

ಊರಿನವರ ಬಗ್ಗೆ ಒಂದು ಮಾತು. ನಮ್ಮವ್ವ ಇವತ್ತಿಗೂ ಫೋನಿನಲ್ಲಿ, 'ಇಷ್ಟ ಸಣ್ಣ ಕೂಸಿಗೆ ಪಂಪ್ ಹಚ್ಚೀರಿ, ಚಟಾ ಆಗ್ತದ' ಅಂತಾಳೆ. ಚಟ ಆಗಲ್ಲ. ದಿನಾ ತಗೊಳ್ಳೋದರಲ್ಲಿ ಸ್ಟೀರಾಯ್ಡ್ ಇರೋದು ನಿಜ, ಮೈಕ್ರೋಗ್ರಾಂ ಲೆಕ್ಕದಲ್ಲಿ, ನೇರ ಶ್ವಾಸನಾಳಕ್ಕೆ. ಮಾತ್ರೆಯಲ್ಲಿ ಕೊಟ್ಟರೆ ಮಿಲಿಗ್ರಾಂ ಲೆಕ್ಕ. ಕಾಕಾ ಒಬ್ಬರು, 'ಮೃಗಶಿರಾಕ್ಕ ಹೈದರಾಬಾದಿಗೆ ಹೋಗಿ ಮೀನು ನುಂಗಿಸ್ರಿ' ಅಂದರು. ನಾವು ಮೀನು ತಿನ್ನೋರಲ್ಲ ಅಂದರೆ, 'ಬೆಲ್ಲದಾಗೂ ಕೊಡ್ತಾರಂತ!' ನಗು ಬರುತ್ತೆ, ಆದರೆ ಇದೇ ಮಾತು ಕೇಳಿ ಪಂಪ್ ನಿಲ್ಲಿಸಿದ ಮನೆಗಳಿವೆ. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಸುಮಾರು ಶೇ. 13ರಷ್ಟು ಮಂದಿ ನಮ್ಮ ದೇಶದಲ್ಲಿದ್ದಾರೆ ಅಂತ ಅಂದಾಜು, ಸಾವುಗಳಲ್ಲಿ ನಮ್ಮ ಪಾಲು ಶೇ. 40ಕ್ಕೂ ಹೆಚ್ಚು. ಶಾಲೆಯಲ್ಲೂ ಅದೇ ನಾಚಿಕೆ. ಪುಟ ಕೊಟ್ಟ ಮೇಲೆ ಅದೇ ಕ್ಲಾಸಿನ ಇನ್ನಿಬ್ಬರು ಹೆತ್ತವರು ನನ್ನನ್ನ ಗೇಟಿನ ಹತ್ತಿರ ಹಿಡಿದು, ಮೆಲ್ಲಗೆ, ನಮ್ಮವನಿಗೂ ಇದೆ, ಶಾಲೆಗೆ ಹೇಳಿಲ್ಲ ಅಂದರು. ಈಗ ಆ ಮೊಳೆಗೆ ಮೂರು ಚೀಲ.

ಬರೋ ಜೂನ್‌ಗೆ ಮೂರನೇ ಕ್ಲಾಸು, ಹೊಸ ಟೀಚರ್, ಹೊಸ ಬಾಗಿಲು. ತೂಕ 24 ಕೆಜಿ ಆಗಿದೆ, ಅಂದರೆ ಪುಟ ಬದಲಾಗಬೇಕು, ಸಿರಿಂಜಿನ ಚಿತ್ರ ಬದಲಾಗಬೇಕು. ಒಂದು ಆಂಪುಲ್ ಆಗಸ್ಟಿಗೆ ಅವಧಿ ಮುಗಿಯುತ್ತೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ಶನಿವಾರಕ್ಕೆ ಸಿಕ್ಕಿದೆ. ಪ್ರಶ್ನೆ ಇದ್ದರೆ ಕೇಳಿ, ನನಗೆ ಗೊತ್ತಿದ್ದಷ್ಟು ಹೇಳ್ತೀನಿ.