ಪೇಟೆಯ ಮಳೆನೀರು, ಹಳ್ಳಿಯ ಹೊಳೆ

(ಮಳೆಗಾಲಕ್ಕೆ ಮುನ್ನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪೇಟೆಯ ಚರಂಡಿಯ ಚಿಂತೆ ಹಳ್ಳಿಯವರಾದ ನಮಗೇಕೆ ಎಂದು ಸಭೆಗೆ ಬರುವಾಗ ಒಬ್ಬರು ಕೇಳಿದರು. ಉತ್ತರ ನಮ್ಮ ಹಳ್ಳದಲ್ಲಿಯೇ ಇದೆ. ಮುಂಗಾರಿನ ಮೊದಲ ಮಳೆ ಸುರಿದ ದಿನ ಹಳ್ಳದ ನೀರು ಕಪ್ಪಾಗಿ, ಮೇಲೆ ಎಣ್ಣೆಯ ಪದರ ತೇಲುವುದನ್ನು ನೀವೆಲ್ಲರೂ ಕಂಡಿದ್ದೀರಿ. ಪೇಟೆ ಮೇಲಿದೆ, ನಾವು ಕೆಳಗಿದ್ದೇವೆ. ಚರಂಡಿಗೆ ಕಾಂಕ್ರೀಟು ಹಾಕಿ ನೀರನ್ನು ಬೇಗನೆ ಹೊರಗೆ ಸಾಗಿಸಿದರೆ ಅವರ ಸಮಸ್ಯೆ ಮುಗಿಯುತ್ತದೆ. ನಮ್ಮದು ಅಲ್ಲಿಂದ ಆರಂಭವಾಗುತ್ತದೆ.

ಮೊದಲು ಲೆಕ್ಕ ನೋಡೋಣ. ಒಂದು ಚದರ ಮೀಟರ್ ಜಾಗದಲ್ಲಿ ಬಿದ್ದ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 10 ಹೆಕ್ಟೇರು ವಿಸ್ತಾರದ ಚಾವಣಿ ಮತ್ತು ಡಾಂಬರು ರಸ್ತೆಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ 20 ಲಕ್ಷ ಲೀಟರ್. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹರಿದೇ ಹೋಗುತ್ತದೆ. ತರಗೆಲೆ ಹೊದ್ದ ಕಾಡಿನಲ್ಲಾದರೆ ಅಂತಹ ಮೊದಲ ಮಳೆಯ ಬಹುಪಾಲು ನೆಲಕ್ಕೆ ಇಂಗುತ್ತದೆ. ಪೇಟೆಯ ನೀರು ಬರಿಗೈಯಲ್ಲಿ ಬರುವುದೂ ಇಲ್ಲ. ವಾಹನದ ಎಣ್ಣೆ, ಸವೆದ ಟಯರಿನ ಪುಡಿ, ತಗಡಿನ ಸತು, ಕಸ ಎಲ್ಲವನ್ನೂ ಹೊತ್ತು ತರುತ್ತದೆ. ಸೀಸ, ಸತುವಿನಂತಹ ಲೋಹಗಳ ಮತ್ತು ರಂಜಕದ ದೊಡ್ಡ ಪಾಲು ಸೂಕ್ಷ್ಮ ಮಣ್ಣಿನ ಕಣಗಳಿಗೆ ಅಂಟಿಕೊಂಡು ಸಾಗುತ್ತದೆ. ಆದುದರಿಂದ ನೀರಿನ ವೇಗ ತಗ್ಗಿಸಿ ಕಣಗಳು ತಳ ಸೇರುವಂತೆ ಮಾಡುವುದೇ ಶುದ್ಧೀಕರಣದ ಮೊದಲ ಮೆಟ್ಟಿಲು.

ಮಹಾಮಳೆಯ ನೀರನ್ನೆಲ್ಲ ಶುದ್ಧಗೊಳಿಸಲು ಯಾರಿಂದಲೂ ಆಗದು. ಆ ಅಗತ್ಯವೂ ಇಲ್ಲ. ತಿಂಗಳುಗಟ್ಟಲೆ ಕೂಡಿದ ಕೊಳೆ ಹೆಚ್ಚಾಗಿ ಬರುವುದು ಮೊದಲ ಹದಿನೈದು, ಇಪ್ಪತ್ತು ಮಿಲಿಮೀಟರ್ ಮಳೆಯಲ್ಲಿ. ಅದನ್ನು ತಡೆದು ಸೋಸಬೇಕು. ಮಿಕ್ಕ ಪ್ರವಾಹ ಪಕ್ಕದ ಕಾಲುವೆಯಲ್ಲಿ ಸುಗಮವಾಗಿ ಹೋಗುವಂತಿರಬೇಕು. ಇಲ್ಲವಾದರೆ ಅದು ತಳದಲ್ಲಿ ಕುಳಿತ ಹೂಳನ್ನೇ ಎಬ್ಬಿಸಿ ನಮ್ಮ ಗದ್ದೆಗೆ ತರುತ್ತದೆ.

ಇನ್ನು ಆಯ್ಕೆಯ ಪ್ರಶ್ನೆ. ಮಳೆನೀರೆಂದೊಡನೆ ನಮಗೆ ನೆನಪಾಗುವುದು ಇಂಗುಗುಂಡಿ. ಬಯಲುಸೀಮೆಯಲ್ಲಿ ಅದು ವರವೇ ಸರಿ. ಆದರೆ ಮಲೆನಾಡಿನ ಪೇಟೆಯ ರಸ್ತೆನೀರಿಗೆ ಅದನ್ನು ಕಣ್ಣು ಮುಚ್ಚಿ ಒಪ್ಪಲಾಗದು. ಕಾರಣಗಳು ಎರಡು. ಶ್ರಾವಣದ ಹೊತ್ತಿಗೆ ನಮ್ಮ ಬಾವಿಗಳು ಕೈಗೆಟಕುವಂತೆ ತುಂಬಿರುತ್ತವೆ. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಒಂದು ಮೀಟರಾದರೂ ಮಣ್ಣು ಇರದಿದ್ದರೆ ಕೊಳೆ ನೇರವಾಗಿ ಬಾವಿ ಸೇರುತ್ತದೆ. ಎರಡನೆಯದು ಇಳಿಜಾರು. ಜಂಬಿಟ್ಟಿಗೆಯ ಅಡಿಯಲ್ಲಿರುವ ಶೇಡಿಮಣ್ಣು ನೀರು ಕುಡಿದರೆ ಬಲಗುಂದಿ ಜಾರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ನಾವು ಮರೆಯಬಾರದು. ಕಡಿದ ಗುಡ್ಡದ ನೆತ್ತಿಯಲ್ಲಿ ನೀರಿಂಗಿಸುವುದು ಅಪಾಯವನ್ನು ಆಹ್ವಾನಿಸಿದಂತೆ. ಸಮತಟ್ಟಾದ, ಎತ್ತರದ ನೆಲದಲ್ಲಿ ಚಾವಣಿಯ ನೀರನ್ನು ಮಾತ್ರ ಇಂಗಿಸೋಣ.

ಹಾಗಾದರೆ ರಸ್ತೆನೀರಿಗೆ ಏನು ಮಾಡಬೇಕು? ಒಂದೇ ಸಾಧನ ಸಾಲದು, ಸರಪಳಿಯೇ ಬೇಕು. ಬಸ್ ನಿಲ್ದಾಣ, ಗ್ಯಾರೇಜುಗಳ ಬುಡದಲ್ಲಿಯೇ ಕಸದ ಜಾಲರಿ ಮತ್ತು ಹೂಳುಗುಂಡಿ. ಅಲ್ಲಿಂದ ಮುಂದೆ ಅಗಲವಾದ, ಆಳ ಕಡಿಮೆಯಿರುವ ಹುಲ್ಲುಗಾಲುವೆ. ಇಳಿಜಾರು ನೂರು ಅಡಿಗೆ ನಾಲ್ಕೈದು ಅಡಿ ಮೀರಿದಲ್ಲಿ ಅಡ್ಡಲಾಗಿ ಕಲ್ಲಿನ ಕಿರುತಡೆಗಳನ್ನಿಟ್ಟು, ಅಂಚಿಗೆ ಲಾವಂಚ ನೆಡಬೇಕು. ಬೇಸಿಗೆಯನ್ನೂ ತಾಳುವ, ಆಳಕ್ಕೆ ಬೇರಿಳಿಸುವ ಗಿಡವದು. ಕೊನೆಗೆ ತಗ್ಗಿನ ಪಾಳು ಗದ್ದೆಯಲ್ಲಿ ಜೊಂಡು ಬೆಳೆಸಿದ ಜೌಗು. ಇದಕ್ಕೆ ನೀರು ಬರುವ ಪ್ರದೇಶದ ಶೇಕಡ 2ರಿಂದ 5ರಷ್ಟು ಜಾಗ ಸಾಮಾನ್ಯವಾಗಿ ಬೇಕಾಗುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಣ ಘಟಕದಿಂದ ಹೊರಬಂದ ನೀರು ಇಂತಹುದೇ ಜೌಗನ್ನು ಹಾದು ಕೆರೆ ಸೇರುವ ವ್ಯವಸ್ಥೆಯಿದೆ. ಅದು ಮಳೆನೀರಿಗೆಂದು ಮಾಡಿದ್ದಲ್ಲವಾದರೂ ಗಿಡ ಮತ್ತು ಸೂಕ್ಷ್ಮಜೀವಿಗಳ ಕೆಲಸ ಒಂದೇ. ಚರಂಡಿಗೆ ಶೌಚದ ನೀರು ಸೇರುತ್ತಿದ್ದರೆ ಮಾತ್ರ ಮೊದಲು ಅದನ್ನು ಬೇರ್ಪಡಿಸಬೇಕು. ಅದು ಆಗದಿದ್ದರೆ ಈ ಸರಪಳಿ ನಿಲ್ಲದು.

ರೈತರಿಗೆ ಒಂದು ಎಚ್ಚರಿಕೆ. ಕೆರೆಯ ಹೂಳು ಗೊಬ್ಬರವೆಂದು ತೋಟಕ್ಕೆ ಹಾಕುವುದು ನಮ್ಮ ರೂಢಿ. ಪೇಟೆಯ ಹೂಳುಗುಂಡಿಯ ಮಣ್ಣನ್ನು ಹಾಗೆ ಹಾಕಬೇಡಿ. ಅದರಲ್ಲಿ ಕೂತ ಲೋಹ ಕೊಳೆಯುವುದಿಲ್ಲ. ತೋಟದ ಮಣ್ಣಿನಲ್ಲಿಯೇ ಉಳಿಯುತ್ತದೆ. ಆ ಹೂಳನ್ನು ಪ್ರತಿವರ್ಷ ಮೇ ತಿಂಗಳೊಳಗೆ ಯಾರು ತೆಗೆಯುತ್ತಾರೆ, ಎಲ್ಲಿ ಹಾಕುತ್ತಾರೆ, ಅದಕ್ಕೆ ಹಣವೆಲ್ಲಿದೆ ಎಂಬುದನ್ನು ಯೋಜನೆಯಲ್ಲಿಯೇ ಬರೆಸಬೇಕು. ನಿರ್ವಹಣೆಯಿಲ್ಲದ ಹೂಳುಗುಂಡಿ ಸೊಳ್ಳೆಯ ತೊಟ್ಟಿಲಾಗುತ್ತದೆ.

ವಿದ್ಯಾರ್ಥಿಗಳಿಗೊಂದು ಕೆಲಸ. ಈ ಸಲದ ಮೊದಲ ಮಳೆಯಲ್ಲಿ, ದೊಡ್ಡವರ ಜೊತೆಗೆ ನಿಂತು, ಸುರಕ್ಷಿತ ಜಾಗದಿಂದ ಹತ್ತು ನಿಮಿಷಕ್ಕೊಮ್ಮೆ ಗಾಜಿನ ಸೀಸೆಯಲ್ಲಿ ಚರಂಡಿಯ ನೀರು ಹಿಡಿಯಿರಿ. ಸಮಯ ಬರೆದು ಒಂದು ದಿನ ಅಲುಗಿಸದೆ ಇಡಿ. ತಳದಲ್ಲಿ ಕುಳಿತ ಕೆಸರನ್ನು ಅಳತೆಪಟ್ಟಿಯಿಂದ ಅಳೆಯಿರಿ. ಆ ಸೀಸೆಗಳ ಸಾಲನ್ನು ಗ್ರಾಮಸಭೆಯ ಮೇಜಿನ ಮೇಲಿಟ್ಟರೆ ನನ್ನ ಭಾಷಣಕ್ಕಿಂತ ಹೆಚ್ಚು ಮಾತನಾಡುತ್ತವೆ. ಕಾಂಕ್ರೀಟು ಬೀಳುವ ಮೊದಲೇ ಅವು ಅಲ್ಲಿಗೆ ತಲುಪಲಿ.