ಬಾಗಿಲು ಒಂದಾದರೆ ಸಾಲದು, ಒಳಗೆ ಕೇಳುವವರಿರಬೇಕು

(ಭಾತಂಬ್ರಾದಲ್ಲಿ ಶರಣ ಬಂಧುಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಕಾಯಕದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದೀರಿ. ಕಾಯಕದ ಹಿರಿಮೆಯನ್ನು ಬಸವಣ್ಣನವರ ನಾಡಿನ ನಿಮಗೆ ನಾನು ಹೇಳಬೇಕಾದ್ದಿಲ್ಲ. ನಾನು ಸರ್ಕಾರದಲ್ಲಿ ಎಂಜಿನಿಯರಾಗಿ ಕೆಲಸ ಮಾಡಿ ನಿವೃತ್ತನಾದವನು. ಆದ್ದರಿಂದ ನನಗೆ ಗೊತ್ತಿರುವ ಒಂದು ಮಗ್ಗುಲನ್ನಷ್ಟೇ ಹಿಡಿಯುತ್ತೇನೆ. ಕಾಯಕ ಮಾಡಿದವನಿಗೆ ಅನ್ಯಾಯವಾದರೆ ಅವನು ಯಾರ ಬಾಗಿಲು ತಟ್ಟಬೇಕು? ಅದರಲ್ಲೂ ಕೆಲಸ ಕೊಟ್ಟ ಧಣಿ ಸರ್ಕಾರವೇ ಆಗಿದ್ದರೆ?

2024ರ ಜನವರಿಯಲ್ಲಿ ನಮ್ಮ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಕಚೇರಿ ಕಚೇರಿಗಳಲ್ಲಿ ಅವರ ಭಾವಚಿತ್ರ ಬಂತು. ನಾವೆಲ್ಲ ಸಂತೋಷಪಟ್ಟೆವು. ಆದರೆ ಆ ಚಿತ್ರದ ಕೆಳಗಿನ ನೆಲವನ್ನು ಬೆಳಗ್ಗೆ ಒರೆಸುವ ತಾಯಿ ಇಂದು ಬಹುಪಾಲು ಕಡೆ ಹೊರಗುತ್ತಿಗೆಯವಳು. ಆಕೆಯ ಪಗಾರ ಎರಡು ತಿಂಗಳು ತಡವಾದರೆ ಆಕೆ ಅದೇ ಕಚೇರಿಯ ಸಾಹೇಬರನ್ನು ಕೇಳಬೇಕೋ, ಮುಖ ತೋರಿಸದ ಗುತ್ತೇದಾರನನ್ನು ಕೇಳಬೇಕೋ ಆಕೆಗೆ ತಿಳಿಯದು. ಅಂಗಳ ಗುಡಿಸುವ ಕಾಯಕದ ಸತ್ಯಕ್ಕನನ್ನು ಶರಣೆಯೆಂದು ಕೈಮುಗಿಯುವ ನಾವು ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಈಗ ಬಾಗಿಲುಗಳು ಎಷ್ಟಿವೆ ನೋಡೋಣ. ಕಾಯಂ ಸರ್ಕಾರಿ ನೌಕರನಿಗೆ ಬಡ್ತಿ, ಅಮಾನತು, ಪಿಂಚಣಿಯ ತಕರಾರು ಬಂದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿ ಇದೆ. 1985ರ ಕೇಂದ್ರದ ಕಾಯ್ದೆಯಡಿ 1986ರಲ್ಲಿ ಅದು ಆರಂಭವಾಯಿತು. ಮೊದಲು ಬೆಂಗಳೂರಿಗೇ ಹೋಗಬೇಕಿತ್ತು. ಬೀದರಿನಿಂದ ಸುಮಾರು 700 ಕಿಲೋಮೀಟರು. ಈಗ ಕಲಬುರಗಿಯಲ್ಲೂ ಅದರ ಪೀಠ ಇದೆ. ಸಾರಿಗೆ ನಿಗಮದ ಕಂಡಕ್ಟರ್, ವಿದ್ಯುತ್ ಕಂಪನಿಯ ಲೈನ್‌ಮನ್ ಇಂಥವರಿಗೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಡಿ ಕಾರ್ಮಿಕ ನ್ಯಾಯಾಲಯ, ಕೈಗಾರಿಕಾ ನ್ಯಾಯಮಂಡಳಿ ಇದ್ದವು. ಅಲ್ಲಿಗೆ ಹೋಗುವ ಮೊದಲು ಕಾರ್ಮಿಕ ಇಲಾಖೆಯ ಅಧಿಕಾರಿ ಇಬ್ಬರನ್ನೂ ಎದುರು ಕೂರಿಸಿ ರಾಜಿ ಮಾಡಿಸಲು ನೋಡಬೇಕು.

ನಡುವೆ ಇರುವವರು ದಿನಗೂಲಿಗಳು, ಗುತ್ತಿಗೆಯವರು, ಹೊರಗುತ್ತಿಗೆಯವರು. ಇವರ ಬಾಗಿಲು ಯಾವುದು? 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠವು 'ಉದ್ದಿಮೆ' ಎಂಬ ಮಾತಿಗೆ ವಿಶಾಲ ಅರ್ಥ ಕೊಟ್ಟಿತು. ನೀರು ಕೊಡುವ ಮಂಡಳಿಯೂ ಉದ್ದಿಮೆಯೇ, ಅಲ್ಲಿನ ಕೆಲಸಗಾರನೂ ಕಾರ್ಮಿಕನೇ ಎಂದಿತು. 1988ರಲ್ಲಿ ಪಂಜಾಬಿನ ನೀರಾವರಿ ಇಲಾಖೆಯೂ ಉದ್ದಿಮೆ ಎಂದು ತೀರ್ಪು ಬಂತು. 1997ರಲ್ಲಿ ನಮ್ಮ ಕರ್ನಾಟಕದ ಪ್ರಕರಣ ಹೋದಾಗ ನೀರಾವರಿ ಇಲಾಖೆ ಉದ್ದಿಮೆಯಲ್ಲ ಎಂದಾಯಿತು. ಕಾಲುವೆ ಅದೇ, ತೂಬು ಅದೇ, ಸನಿಕೆ ಅದೇ. ಸನಿಕೆ ಹಿಡಿದವನು ಮಾತ್ರ ಒಂದು ಕಡೆ ಕಾರ್ಮಿಕ, ಇನ್ನೊಂದು ಕಡೆ ಅಲ್ಲ.

ನನ್ನ ಕೈಕೆಳಗೆ ಕಾಲುವೆ ಕಾಯುತ್ತಿದ್ದ ಒಬ್ಬ ದಿನಗೂಲಿ ಇದ್ದ. ಹನ್ನೆರಡು ವರ್ಷ ಮಸ್ಟರ್ ರೋಲಿನಲ್ಲಿ ಅವನ ಹೆಸರಿತ್ತು. ಮೇಲಿನಿಂದ ಆದೇಶ ಬಂದು ಅವನನ್ನು ಬಿಡಿಸಲಾಯಿತು. ಒಂದು ಬಾಗಿಲಿಗೆ ಹೋದ. ನೀನು ಸರ್ಕಾರದವನು, ಇಲ್ಲಿ ಬರುವಂತಿಲ್ಲ ಎಂದರು. ಇನ್ನೊಂದು ಬಾಗಿಲಿಗೆ ಹೋದ. ನೀನು ಸರ್ಕಾರಿ ಹುದ್ದೆಯಲ್ಲಿಲ್ಲ, ಇಲ್ಲಿ ಬರುವಂತಿಲ್ಲ ಎಂದರು. ಹಾಜರಿ ಪಟ್ಟಿಯ ನಕಲುಗಳನ್ನು ನಾನೇ ದೃಢೀಕರಿಸಿ ಕೊಟ್ಟಿದ್ದೆ. ಅವನು ಆ ಕಾಗದಗಳನ್ನು ಮಡಿಚಿಟ್ಟುಕೊಂಡು ನನ್ನನ್ನು ಕೇಳಿದ: "ಸಾಹೇಬರ, ನಾ ಸರ್ಕಾರದ ಮನಶ್ಯಾನೋ ಅಲ್ಲೋ, ಅಷ್ಟು ಹೇಳ್ರಿ." ಅವನ ಪ್ರಕರಣದಲ್ಲಿ ಗೆಲುವು, ಸೋಲು ಎಂಬ ಮಾತೇ ಬರಲಿಲ್ಲ. ಅದನ್ನು ಕೇಳಿದವರೇ ಇರಲಿಲ್ಲ.

ಇದು ಅವನೊಬ್ಬನ ಕಥೆಯಲ್ಲ. ದೇಶದ ದಿನಗೂಲಿಗಳ ಹಣೆಬರಹ ಬರೆದ ದೊಡ್ಡ ತೀರ್ಪುಗಳಲ್ಲಿ ಎರಡು ಕರ್ನಾಟಕದಿಂದಲೇ ಹೋದವು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ದಿನಗೂಲಿ ನೌಕರರ ಸಂಘದ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟು ಹಂತ ಹಂತವಾಗಿ ಕಾಯಂ ಮಾಡುವ ಯೋಜನೆಯನ್ನು ಒಪ್ಪಿಸಿತು. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಉಮಾದೇವಿ ಪ್ರಕರಣ ಆಡಳಿತ ನ್ಯಾಯಮಂಡಳಿಯಲ್ಲಿ ಹುಟ್ಟಿ 2006ರ ಏಪ್ರಿಲ್ 10ರಂದು ಸಂವಿಧಾನ ಪೀಠದಲ್ಲಿ ಮುಗಿಯಿತು. ಹಿಂಬಾಗಿಲ ನೇಮಕವನ್ನು ಕಾಯಂ ಮಾಡಲಾಗದು, ಆದರೆ ಮಂಜೂರಾದ ಹುದ್ದೆಯಲ್ಲಿ ನ್ಯಾಯಾಲಯದ ಆಸರೆಯಿಲ್ಲದೆ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಗೆ ಪರಿಗಣಿಸಿ ಎಂದಿತು. ಆಮೇಲೆ ರಾಜ್ಯವು 2012ರ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮ ತಂದಿತು. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧ ಮಾಡಿಕೊಳ್ಳಬೇಡಿ ಎಂಬರ್ಥದ ಮಾತು ಹೇಳಿತು. ಇಷ್ಟಾಗುವ ಹೊತ್ತಿಗೆ ಒಂದು ತಲೆಮಾರು ದುಡಿದು ಮನೆಗೆ ಹೋಯಿತು.

ಹೀಗಿರುವಾಗ ಬಾಗಿಲುಗಳನ್ನು ಒಂದು ಮಾಡೋಣ ಎಂದರೆ ನಾನು ಬೇಡ ಎನ್ನುವವನಲ್ಲ. ಅದು ಈಗ ಆಗುತ್ತಲೂ ಇದೆ. 2017ರಲ್ಲಿ ಭವಿಷ್ಯ ನಿಧಿಯ ಮೇಲ್ಮನವಿ ನ್ಯಾಯಮಂಡಳಿಯನ್ನು ಕೈಗಾರಿಕಾ ನ್ಯಾಯಮಂಡಳಿಯಲ್ಲಿ ವಿಲೀನ ಮಾಡಿದರು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು 1926ರ ಕಾರ್ಮಿಕ ಸಂಘಗಳ ಕಾಯ್ದೆ, 1946ರ ಸ್ಥಾಯಿ ಆದೇಶಗಳ ಕಾಯ್ದೆ, 1947ರ ವಿವಾದಗಳ ಕಾಯ್ದೆ ಈ ಮೂರನ್ನೂ ಒಂದು ಮಾಡಿತು. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆ. ಕಾರ್ಮಿಕ ನ್ಯಾಯಾಲಯ ಬೇರೆ, ಕೈಗಾರಿಕಾ ನ್ಯಾಯಮಂಡಳಿ ಬೇರೆ ಎಂಬುದು ಹೋಗಿ, ಒಬ್ಬ ನ್ಯಾಯಾಂಗ ಸದಸ್ಯ ಮತ್ತು ಒಬ್ಬ ಆಡಳಿತ ಸದಸ್ಯ ಇರುವ ಒಂದೇ ನ್ಯಾಯಮಂಡಳಿ ಎಂಬುದು ಅದರ ವ್ಯವಸ್ಥೆ. ಬಾಕಿ ಉಳಿದ ಹಳೆಯ ಪ್ರಕರಣಗಳೂ ಅಲ್ಲಿಗೇ ಹೋಗಬೇಕು.

ಇಲ್ಲಿ ಎಂಜಿನಿಯರನ ಒಂದು ಲೆಕ್ಕ ಹೇಳುತ್ತೇನೆ. ಕಾರಂಜಾ ನೀರು ಕಂಡ ಈ ಭಾಗದ ರೈತರಿಗೆ ಇದು ಬೇಗ ತಿಳಿಯುತ್ತದೆ. ಎರಡು ಕಾಲುವೆಗಳಿವೆ, ಒಂದೊಂದರಲ್ಲಿ 10 ಕ್ಯೂಸೆಕ್ ನೀರು ಹರಿಯುತ್ತಿದೆ. ಎರಡನ್ನೂ ಕೂಡಿಸಿ ಒಂದು ಮಾಡಬೇಕು. ಕೂಡುವ ಕಾಲುವೆ 20 ಕ್ಯೂಸೆಕ್ ಹಿಡಿಸುವಷ್ಟು ಅಗಲ, ಆಳ ಇರಬೇಕು. 12 ಕ್ಯೂಸೆಕ್ ಹಿಡಿಸುವ ಕಾಲುವೆಗೆ ಎರಡನ್ನೂ ತಿರುಗಿಸಿದರೆ ಏನಾಗುತ್ತದೆ? ಏರಿ ಒಡೆಯುತ್ತದೆ. ಮೇಲಿನ ಹೊಲ ಜವುಳಾಗುತ್ತದೆ, ಕೊನೆಯ ಹೊಲಕ್ಕೆ ಹನಿ ನೀರು ತಲುಪುವುದಿಲ್ಲ. ನಕ್ಷೆಯಲ್ಲಿ ಮಾತ್ರ ಎರಡು ಗೆರೆ ಹೋಗಿ ಒಂದು ಗೆರೆ ಆಗಿರುತ್ತದೆ, ನೋಡಲು ಚೆಂದ.

ನ್ಯಾಯಮಂಡಳಿಯೂ ಹಾಗೆಯೇ. ಅದರ ಅಗಲ ಎಂದರೆ ಸದಸ್ಯರು. ಅದರ ಆಳ ಎಂದರೆ ಶಿರಸ್ತೇದಾರ, ಬೆರಳಚ್ಚುಗಾರ, ನೋಟಿಸು ಜಾರಿ ಮಾಡುವವನು. ಒಂದು ಮಾಡಿ ಹಣ ಕೊಡದಿದ್ದರೆ ಅದು ವಿಲೀನವಲ್ಲ, ಸದ್ದಿಲ್ಲದೆ ಮುಚ್ಚುವುದು.

ಕುರ್ಚಿ ಖಾಲಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಶ್ರೀಮಂತ ದೇಶದ ಉದಾಹರಣೆಯೇ ಇದೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರಿ ನೌಕರರ ಮೇಲ್ಮನವಿ ಕೇಳಲು ಮೂವರು ಸದಸ್ಯರ ಒಂದು ಮಂಡಳಿ ಇದೆ. 2017ರ ಜನವರಿಯಿಂದ 2022ರ ಮಾರ್ಚ್‌ವರೆಗೆ ಅಲ್ಲಿ ತೀರ್ಪು ಕೊಡಲು ಬೇಕಾದ ಕೋರಂ ಇರಲಿಲ್ಲ. ಕಟ್ಟಡ ಇತ್ತು, ಕಾನೂನು ಇತ್ತು, ಸಿಬ್ಬಂದಿ ಇದ್ದರು. ಐದು ವರ್ಷದಲ್ಲಿ ಸುಮಾರು 3,800 ಕಡತಗಳು ಗುಡ್ಡೆ ಬಿದ್ದವು. ನಮ್ಮ ದೇಶದಲ್ಲಿ ಒಡಿಶಾ ತನ್ನ ಆಡಳಿತ ನ್ಯಾಯಮಂಡಳಿಯನ್ನು 2019ರಲ್ಲಿ ಮುಚ್ಚಿತು. ಮುಚ್ಚಿದ್ದು ಸರಿ ಎಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಲ್ಲಿನ ನೌಕರರ ಪ್ರಕರಣಗಳು ಹೈಕೋರ್ಟಿನ ಸಾಲಿಗೆ ಸೇರಿದವು. ಬಾಗಿಲು ಇಡುವುದೂ ತೆಗೆಯುವುದೂ ಸರ್ಕಾರದ ಕೈಯಲ್ಲಿದೆ ಎಂಬುದನ್ನು ನಾವು ಮರೆಯಬಾರದು.

ಭಾಲ್ಕಿಯ ಹಿರಿಯ ಚೆನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರೆಂಬುದು ನಮ್ಮ ಮನೆಮನೆಯ ಮಾತು. ಫಲಕ ಬೇರೆ, ಒಳಗಿನ ಕೆಲಸ ಬೇರೆ ಎಂಬ ತಿಳಿವಳಿಕೆ ಈ ಮಣ್ಣಿನಲ್ಲಿದೆ. ಹಾಗಾಗಿ ಸರ್ಕಾರ ಹೊಸ ಫಲಕ ಹಾಕಿದಾಗ ನಾವು ಒಳಗೆ ಹೊಕ್ಕು ನೋಡಬೇಕು.

ಅನುಭವ ಮಂಟಪವೂ ಒಂದರ್ಥದಲ್ಲಿ ಎಲ್ಲ ಬಾಗಿಲುಗಳನ್ನು ಒಂದು ಮಾಡಿದ ಜಾಗವೇ. ನೇಕಾರ, ಅಂಬಿಗ, ಚಮ್ಮಾರ, ಮಡಿವಾಳ, ಹಗ್ಗ ಹೊಸೆಯುವವನು ಎಲ್ಲರಿಗೂ ಒಂದೇ ಮಂಟಪ. ಅದು ನಡೆದದ್ದು ಏಕೆ? ಮೂರು ಕಾರಣ ನನಗೆ ಕಾಣುತ್ತವೆ. ಪೀಠದಲ್ಲಿ ಅಲ್ಲಮಪ್ರಭುಗಳಿದ್ದರು, ಪೀಠ ಖಾಲಿ ಇರಲಿಲ್ಲ. ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರು ತಾವೇ ಆ ಪೀಠವೇರದೆ ಯಾರ ಹಂಗೂ ಇಲ್ಲದ ಅಲ್ಲಮರನ್ನು ಕೂರಿಸಿದರು. ಬಂದವರ ಊಟ, ವಸತಿಗೆ ದಾಸೋಹ ಇತ್ತು. ನ್ಯಾಯಕ್ಕೂ ಇವೇ ಮೂರು ಬೇಕು: ತುಂಬಿದ ಪೀಠ, ಹಂಗಿಲ್ಲದ ಮನಸ್ಸು, ನಡೆಸುವಷ್ಟು ಹಣ.

ಹಂಗಿನ ಮಾತು ಇಲ್ಲಿ ಮುಖ್ಯ. ಖಾಸಗಿ ಕಾರ್ಖಾನೆಯ ಜಗಳದಲ್ಲಿ ಸರ್ಕಾರ ಮೂರನೆಯವನು. ಸರ್ಕಾರಿ ಕೆಲಸಗಾರನ ಜಗಳದಲ್ಲಿ ಸರ್ಕಾರವೇ ಪ್ರತಿವಾದಿ. ಆಡಳಿತ ಸದಸ್ಯರನ್ನು ಆರಿಸುವುದು, ಪೀಠಕ್ಕೆ ಹಣ ಕೊಡುವುದು, ಖಾಲಿ ಕುರ್ಚಿ ತುಂಬುವುದು ಎಲ್ಲವೂ ಆ ಪ್ರತಿವಾದಿಯ ಕೈಯಲ್ಲೇ ಇದ್ದರೆ ಕೂಲಿಯವನಿಗೆ ನಂಬಿಕೆ ಎಲ್ಲಿಂದ ಬರಬೇಕು?

ನಾವು ಏನು ಕೇಳಬೇಕು? ಒಂದು, ಬೀದರಿನಲ್ಲಿ ತಿಂಗಳಿಗೊಮ್ಮೆಯಾದರೂ ಸಂಚಾರಿ ಪೀಠ. ಔರಾದಿನ ಪೌರಕಾರ್ಮಿಕ ಕಲಬುರಗಿಗೆ ಹೋದರೆ ಎರಡು ದಿನದ ಕೂಲಿ ಹೋಗುತ್ತದೆ. ಎರಡು, ಕುರ್ಚಿ ಖಾಲಿಯಾಗುವ ಮೊದಲೇ ನೇಮಕ. ನಾನು ಯಾವಾಗ ನಿವೃತ್ತನಾಗುತ್ತೇನೆಂದು ನಾನು ಕೆಲಸಕ್ಕೆ ಸೇರಿದ ದಿನವೇ ಸರ್ಕಾರಕ್ಕೆ ಗೊತ್ತಿತ್ತು, ಸದಸ್ಯರದ್ದೂ ಗೊತ್ತಿರುತ್ತದೆ. ಮೂರು, ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಹುದ್ದೆಗಳನ್ನು ತುಂಬಬೇಕು, ಓಡಾಟಕ್ಕೆ ವಾಹನ ಕೊಡಬೇಕು. ನಾಲ್ಕು, ಹಣದ ದಾರಿ. ಕಟ್ಟಡ ಕಾಮಗಾರಿಯ ಬಿಲ್ಲಿನಲ್ಲಿ ಕಾರ್ಮಿಕರ ಕಲ್ಯಾಣಕ್ಕೆಂದು 1% ಸೆಸ್ ಹಿಡಿಯುತ್ತೇವೆ. ಹೊರಗುತ್ತಿಗೆಯ ಅಂದಾಜುಪಟ್ಟಿಯಲ್ಲಿ ಗುತ್ತೇದಾರನ ಸೇವಾ ಶುಲ್ಕಕ್ಕೆ ಒಂದು ಸಾಲಿದೆ, ಜಿಎಸ್‌ಟಿಗೆ ಒಂದು ಸಾಲಿದೆ. ದುಡಿಯುವವನ ದೂರು ಕೇಳುವುದಕ್ಕೆ ಒಂದು ಸಾಲು ಏಕಿರಬಾರದು? ಹಾಗೆ ಹಿಡಿದ ಹಣ ಇಲಾಖೆಯ ಕೈಗೆ ಸಿಗದೆ ನೇರ ನ್ಯಾಯಮಂಡಳಿಯ ಲೆಕ್ಕಕ್ಕೆ ಹೋಗಲಿ.

ಇನ್ನೊಂದು ಮಾತು. ಇದು ನಮ್ಮ ಮನೆಯೊಳಗಿನದು. ಹೊಸ ಸಂಹಿತೆಯು ಸರ್ಕಾರದ ಸಾರ್ವಭೌಮ ಕಾರ್ಯಗಳನ್ನು 'ಉದ್ದಿಮೆ'ಯಿಂದ ಹೊರಗಿಟ್ಟಿದೆ. ಜೊತೆಗೆ, ಧರ್ಮಾರ್ಥ, ಸಮಾಜಸೇವೆಯ ಸಂಸ್ಥೆಗಳು ನಡೆಸುವ ಸಂಸ್ಥೆಗಳನ್ನೂ ಹೊರಗಿಟ್ಟಿದೆ. ಅಂದರೆ ನಮ್ಮ ಮಠಗಳು, ಟ್ರಸ್ಟುಗಳು ನಡೆಸುವ ಎಷ್ಟೋ ಶಾಲೆ, ವಸತಿನಿಲಯಗಳ ಅಡುಗೆಯವರು, ಕಾವಲುಗಾರರು ಆ ಬಾಗಿಲಿನ ಹೊರಗೇ ನಿಲ್ಲಬಹುದು. ಕಾನೂನು ಬಿಟ್ಟಿದೆಯೆಂದು ನಾವು ಹಗುರಾಗುವಂತಿಲ್ಲ. ಹೆಚ್ಚಾಗಿ ತಂದ ಅಕ್ಕಿಯನ್ನು ಗಂಡನ ಕೈಲೇ ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮ ತನ್ನದಲ್ಲದ್ದು ಮನೆಯೊಳಗೆ ಇರಬಾರದೆಂದಳು. ಕೊಡದೆ ಉಳಿಸಿಕೊಂಡ ಪಗಾರವೂ ನಮ್ಮದಲ್ಲದ ಅಕ್ಕಿಯೇ. ಪ್ರತಿ ಸಂಸ್ಥೆಯೂ ದೂರು ಕೇಳಲು ಆಡಳಿತ ಮಂಡಳಿಯ ಹೊರಗಿನ ಮೂವರು ಹಿರಿಯರನ್ನು, ಅವರಲ್ಲಿ ಒಬ್ಬ ತಾಯಿಯನ್ನು ನೇಮಿಸಲಿ. ತಿಂಗಳ 7ರೊಳಗೆ ಪಗಾರ ಕೊಡಲಿ. ಆಮೇಲೆ ನಾವು ಸರ್ಕಾರದ ಎದುರು ನಿಂತು ಗಟ್ಟಿಯಾಗಿ ಮಾತಾಡಬಹುದು.

ಕೊನೆಗೆ ಇಲ್ಲಿರುವ ದುಡಿಯುವ ಬಂಧುಗಳಿಗೆ ಒಂದು ವಿನಂತಿ. ಹಾಜರಿಯ ನಕಲು, ಪಗಾರ ಜಮೆಯಾದ ಬ್ಯಾಂಕ್ ಪುಸ್ತಕ, ಭವಿಷ್ಯ ನಿಧಿಯ ಸಂಖ್ಯೆ, ಗುತ್ತೇದಾರನ ಹೆಸರಿರುವ ಒಂದು ಕಾಗದ, ಇಷ್ಟನ್ನು ಒಂದು ಚೀಲದಲ್ಲಿ ಜೋಪಾನ ಮಾಡಿ. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯಿರಿ. ಕೆಲಸದಿಂದ ತೆಗೆದರೆ ತಡ ಮಾಡಬೇಡಿ. ಹಳೆ ಕಾಯ್ದೆಯಲ್ಲಿ ನೇರ ಅರ್ಜಿಗೆ 3 ವರ್ಷ ಇದ್ದದ್ದು ಹೊಸ ಸಂಹಿತೆಯಲ್ಲಿ 2 ವರ್ಷಕ್ಕೆ ಇಳಿದಿದೆ. ಇಲ್ಲಿರುವ ನಿವೃತ್ತ ನೌಕರರಲ್ಲಿ ಕೇಳಿಕೊಳ್ಳುವುದು ಇಷ್ಟೇ: ನಮಗೆ ಕಡತದ ಭಾಷೆ ಗೊತ್ತು. ವಾರಕ್ಕೊಂದು ಸಂಜೆ ಕೂತು ಇಂಥವರಿಗೆ ಅರ್ಜಿ ಬರೆದುಕೊಡೋಣ. ಸರ್ಕಾರದ ಪಿಂಚಣಿ ಉಣ್ಣುವ ನಮ್ಮಂಥವರಿಗೆ ಇದೂ ಒಂದು ದಾಸೋಹ. ಬರುವ ಸೋಮವಾರದಿಂದ ನಾನು ಕೂರಲು ಸಿದ್ಧ. ಇನ್ನಿಬ್ಬರು ಜೊತೆಯಾದರೆ ಸಾಕು.