ದಡ ಸೇರುವ ವಿದ್ಯೆ ಎಲ್ಲ ಮಕ್ಕಳಿಗೂ ಸಿಗಲಿ

(ಮಕ್ಕಳ ಬೇಸಿಗೆ ಶಿಬಿರಕ್ಕೆ ಪೂರ್ವಭಾವಿಯಾಗಿ ಇಳಕಲ್ಲಿನಲ್ಲಿ ಏರ್ಪಟ್ಟ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಕ್ಕಳ ಈಜು ತರಗತಿಯಲ್ಲಿ ಯಾವ ಬದಲಾವಣೆ ಆಗಬೇಕು ಎಂಬುದು ಇವತ್ತಿನ ಚರ್ಚೆಯ ವಿಷಯ. ಶುಲ್ಕ ಎಷ್ಟು, ಸಮಯ ಯಾವುದು, ಕಲಿಸುವವರು ಯಾರು ಎಂದು ತೀರ್ಮಾನಿಸಿದರೆ ಚರ್ಚೆ ಮುಗಿಯಿತು ಎಂದು ಕೆಲವರು ಭಾವಿಸಿರಬಹುದು. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಅಷ್ಟಕ್ಕೂ, ನಾವು ಮಕ್ಕಳಿಗೆ ಈಜು ಕಲಿಸುವುದು ಯಾತಕ್ಕೆ? ಸ್ಪರ್ಧೆಯಲ್ಲಿ ಪದಕ ಗೆಲ್ಲಲಿ ಎಂದೇ, ಅಥವಾ ನೀರಿಗೆ ಬಿದ್ದ ದಿನ ಜೀವಂತವಾಗಿ ಮನೆಗೆ ಮರಳಲಿ ಎಂದೇ? ಈ ಎರಡು ಉದ್ದೇಶಗಳಿಗೆ ಒಂದೇ ಬಗೆಯ ತರಗತಿ ಸಾಲದು.

2024ರ ಏಪ್ರಿಲ್ 21ರಂದು ದಾಂಡೇಲಿ ಬಳಿಯ ಕಾಳಿ ನದಿಯಲ್ಲಿ ಹುಬ್ಬಳ್ಳಿಯ ಒಂದೇ ಕುಟುಂಬದ 6 ಮಂದಿ ಮುಳುಗಿ ಮೃತಪಟ್ಟರು. ನೀರಿಗೆ ಸಿಲುಕಿದ ಮಗುವನ್ನು ಉಳಿಸಲು ಹೋಗಿ ಒಬ್ಬರ ಹಿಂದೆ ಒಬ್ಬರು ಪ್ರಾಣ ಕಳಕೊಂಡರು ಎಂದು ಆಗ ವರದಿಯಾಗಿತ್ತು. ಅದಕ್ಕಿಂತ ನಾಲ್ಕು ತಿಂಗಳ ಹಿಂದೆ, 2023ರ ಡಿಸೆಂಬರ್‌ನಲ್ಲಿ, ಶಿರಸಿ ಸಮೀಪದ ಶಾಲ್ಮಲಾ ನದಿಯಲ್ಲಿ ಐವರು ಇದೇ ರೀತಿ ಪ್ರಾಣ ಕಳಕೊಂಡಿದ್ದರು. ಎರಡೂ ಕಡೆ ಮೃತಪಟ್ಟವರು ನಮ್ಮ ಸಮುದಾಯದವರೇ ಆಗಿದ್ದರು. ನಾವು ಸಂತಾಪ ಸೂಚಿಸಿದೆವು, ಜನಾಝ ನಮಾಝ್‌ನಲ್ಲಿ ನಿಂತೆವು, ವಿಧಿ ಎಂದೆವು. ಆದರೆ ಒಂದು ಮಗುವಿನ ಅಪಾಯ ಇಡೀ ಕುಟುಂಬದ ಸಾವಾಗಿ ಮಾರ್ಪಡುವುದು ಹೇಗೆ ಎಂದು ನಾವು ಕುಳಿತು ಆಲೋಚಿಸಿದ್ದೇವೆಯೇ? ಪ್ರೀತಿ ಇತ್ತು, ಧೈರ್ಯವೂ ಇತ್ತು. ರಕ್ಷಿಸುವುದು ಹೇಗೆಂಬ ತಿಳುವಳಿಕೆಯೊಂದು ಇರಲಿಲ್ಲ. ಮುಳುಗುತ್ತಿರುವವನು ಕೈಗೆ ಸಿಕ್ಕಿದ್ದನ್ನು ಅಪ್ಪಿ ಹಿಡಿಯುತ್ತಾನೆ, ಉಳಿಸಲು ಬಂದವನನ್ನೂ ಕೆಳಗೆಳೆಯುತ್ತಾನೆ. ಆ ಕ್ಷಣದಲ್ಲಿ ದಡದಿಂದ ಎಸೆದ ಒಂದು ಹಗ್ಗ, ಚಾಚಿದ ಒಂದು ಗಳ, ಕೊನೆಗೆ ಬಿಚ್ಚಿ ಬೀಸಿದ ಒಂದು ಸೀರೆ, ಧುಮುಕಿದ ಐದು ಜನರಿಗಿಂತ ಹೆಚ್ಚು ಉಪಯುಕ್ತ.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ 5 ವರ್ಷದೊಳಗಿನ ಮಕ್ಕಳು. ನಮ್ಮ ದೇಶದ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ನೇ ಇಸವಿಯೊಂದರಲ್ಲೇ 38 ಸಾವಿರಕ್ಕೂ ಹೆಚ್ಚು ಸಾವುಗಳಿವೆ. ಒಂದು ಕೋಮುಗಲಭೆಯ ಸಾವುಗಳ ಬಗ್ಗೆ ನಾವು ವರ್ಷಗಟ್ಟಲೆ ಮಾತಾಡುತ್ತೇವೆ, ಮಾತಾಡಬೇಕಾದದ್ದೇ. ಆದರೆ ದಿನಕ್ಕೆ ನೂರರಂತೆ ನಡೆಯುವ ಈ ಸಾವುಗಳಿಗೆ ಸಭೆಯೂ ಇಲ್ಲ, ಠರಾವೂ ಇಲ್ಲ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಬಾಗಲಕೋಟೆಯೆಂದರೆ ಬರಗಾಲದ ಸೀಮೆ, ಇಲ್ಲಿ ನೀರಿನ ಅಪಾಯ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಕಳೆದ ಮೂರು ದಶಕಗಳಲ್ಲಿ ಇಲ್ಲಿನ ನೀರಿನ ನಕ್ಷೆಯೇ ಬದಲಾಗಿದೆ. ಆಲಮಟ್ಟಿ ಜಲಾಶಯದಲ್ಲಿ 519.60 ಮೀಟರ್ ವರೆಗೆ ನೀರು ನಿಂತಾಗ ಅದರ ಹಿನ್ನೀರು ಹಳೆ ಬಾಗಲಕೋಟೆಯ ಅಂಚಿಗೆ ಬರುತ್ತದೆ. ಒಂದು ಕಾಲದಲ್ಲಿ ಮನೆ, ಹೊಲ, ಬಾವಿಗಳಿದ್ದ ನೆಲದ ಮೇಲೆ ಆ ನೀರು ನಿಂತಿದೆ. ದಡದಲ್ಲಿ ನಿಂತ ಮಗುವಿಗೆ ಅದರ ಆಳ ತಿಳಿಯುವುದಾದರೂ ಹೇಗೆ? ಬಾದಾಮಿ ಮತ್ತು ಹುನಗುಂದ ತಾಲೂಕುಗಳಲ್ಲಿ ಮಲಪ್ರಭೆ ಬೇಸಿಗೆಯಲ್ಲಿ ಮಂಡಿಯುದ್ದದ ಹಳ್ಳದಂತೆ ಕಾಣುತ್ತದೆ. ಆದರೆ ಮರಳು ತೆಗೆದ ಕಡೆ ಆಳೆತ್ತರದ ಗುಂಡಿ ಇರುತ್ತದೆ. ನವಿಲುತೀರ್ಥದ ಅಣೆಕಟ್ಟೆಯಿಂದ ನೀರು ಬಿಟ್ಟರೆ ಅದೇ ಹಳ್ಳ ಊರನ್ನು ಸುತ್ತುವರಿಯುತ್ತದೆ. 2009ರಲ್ಲಿ ಮತ್ತು 2019ರ ಆಗಸ್ಟ್‌ನಲ್ಲಿ ಈ ಹಳ್ಳಿಗಳು ಪ್ರವಾಹವನ್ನು ಕಂಡಿವೆ. ಕೂಡಲಸಂಗಮದಲ್ಲಿ ಕೃಷ್ಣೆ ಮತ್ತು ಮಲಪ್ರಭೆ ಸೇರುತ್ತವೆ. ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ತಾಯಂದಿರ ಪಕ್ಕದಲ್ಲಿ ಮಕ್ಕಳಿರುತ್ತಾರೆ. ಇಳಕಲ್ಲಿನ ಸುತ್ತ ಕೆಂಪು ಗ್ರಾನೈಟ್ ಗಣಿಗಾರಿಕೆ ನಡೆದಿದೆ. ಕಲ್ಲು ತೆಗೆದು ಬಿಟ್ಟ ಗುಂಡಿಯಲ್ಲಿ ಮಳೆನೀರು ತುಂಬಿದರೆ ಅದಕ್ಕೆ ಇಳಿಜಾರಿಲ್ಲ. ಮೊದಲ ಹೆಜ್ಜೆಗೇ ಆಳ.

ಇವೆಲ್ಲಕ್ಕೆ ಕೃಷಿ ಹೊಂಡ ಸೇರಿತು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆ ಒಣಬೇಸಾಯದ ರೈತನಿಗೆ ಆಸರೆಯಾದದ್ದು ನಿಜ. ಆದರೆ ನೀರು ಇಂಗಬಾರದೆಂದು ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದಾಗ ಅದು ಗಾಜಿನಂತೆ ಜಾರುತ್ತದೆ. ಈಜು ಬಲ್ಲ ಮಗು ಕೂಡ ಅಂಚಿನವರೆಗೆ ಬಂದು, ಮೇಲೇರಲಾಗದೆ, ಮತ್ತೆ ಮತ್ತೆ ಜಾರಿ, ಕೈಸೋತು ಮುಳುಗುತ್ತದೆ. ಗಂಟು ಹಾಕಿದ ಒಂದು ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟರೆ ಸಾಕು, ಒಂದು ಜೀವ ಉಳಿಯಬಹುದು.

ಹಿಂದಿನವರು ಈಸು ಕಲಿತದ್ದು ಹೊಲದ ಬಾವಿಯಲ್ಲಿ. ಬೆನ್ನಿಗೆ ಬೆಂಡು, ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಅಪ್ಪನ ಅಥವಾ ಕಾಕಾನ ಕೈಯಲ್ಲಿ. ಅಲ್ಲಿ ಶುಲ್ಕವಿರಲಿಲ್ಲ, ಪ್ರಮಾಣಪತ್ರವಿರಲಿಲ್ಲ. ಕಲಿಸುವ ಹಿರಿಯನೊಬ್ಬ ಮಾತ್ರ ಮೇಲೆ ನಿಂತಿರುತ್ತಿದ್ದ. ಕೊಳವೆಬಾವಿ ಬಂತು, ತೆರೆದ ಬಾವಿ ಬತ್ತಿತು, ಕಲಿಸುವ ಕೈಯೂ ಹೋಯಿತು. ನೀರು ಹೆಚ್ಚಾದ ಕಾಲದಲ್ಲಿಯೇ ಈಜು ಬಲ್ಲ ಮಕ್ಕಳು ಕಡಿಮೆಯಾದರು ಎಂಬುದು ಎಂಥ ವಿಪರ್ಯಾಸ! ಆ ಜಾಗಕ್ಕೆ ಬಂದದ್ದು ನಗರದ ಈಜುಕೊಳ. ಅಲ್ಲಿಗೆ ತಲುಪುವುದು ಬಸ್ಸಿನ ದುಡ್ಡು, ಶುಲ್ಕ, ಈಜುಡುಗೆಯ ದುಡ್ಡು ಇದ್ದವರು ಮಾತ್ರ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ದಿನವಿಡೀ ಸೀರೆ ನೇಯುವವನ ಮಗ, ಕಲ್ಲು ಒಡೆಯುವವನ ಮಗಳು ಆ ಪಟ್ಟಿಯಲ್ಲಿರುತ್ತಾರೆಯೇ? ಯಾರ ಮಕ್ಕಳು ಮುಳುಗುವ ಸಾಧ್ಯತೆ ಹೆಚ್ಚೋ ಅವರೇ ತರಗತಿಯ ಹೊರಗಿದ್ದಾರೆ.

ಹಾಗಾದರೆ ದಾರಿ ಏನು? ನಮ್ಮಂತೆಯೇ ಬಡತನ, ನಮಗಿಂತ ಹೆಚ್ಚು ನೀರು ಇರುವ ಬಾಂಗ್ಲಾದೇಶ ಒಂದು ದಾರಿ ತೋರಿಸಿದೆ. ಅಲ್ಲಿ 'ಸ್ವಿಮ್‌ಸೇಫ್' ಎಂಬ ಹೆಸರಿನಲ್ಲಿ ಮಕ್ಕಳಿಗೆ ಕಲಿಸಿದ್ದು ದುಬಾರಿ ಕೊಳದಲ್ಲಲ್ಲ, ಹಳ್ಳಿಯ ಕೆರೆಯಲ್ಲಿ. ನೀರೊಳಗೆ ಬಿದಿರಿನ ತಳ ಕಟ್ಟಿ, ಸುತ್ತ ಬಿದಿರಿನ ಬೇಲಿ ಹಾಕಿ, ಮಕ್ಕಳ ಎತ್ತರಕ್ಕೆ ತಕ್ಕ ಆಳವನ್ನು ನಿಗದಿಪಡಿಸಿದರು. ಊರಿನವರನ್ನೇ ತರಬೇತುಗೊಳಿಸಿ ಕಲಿಸಲು ನಿಲ್ಲಿಸಿದರು. ಮಗು 25 ಮೀಟರ್ ಈಜಬೇಕು, 30 ಸೆಕೆಂಡು ತೇಲಬೇಕು, ದಡದಲ್ಲಿ ನಿಂತೇ ಇನ್ನೊಬ್ಬನನ್ನು ಎಳೆದುಕೊಳ್ಳಲು ತಿಳಿದಿರಬೇಕು. ಅಷ್ಟೇ ಪರೀಕ್ಷೆ. 2006ರಿಂದ 2010ರ ವರೆಗೆ ನಡೆದ ಅಧ್ಯಯನದಲ್ಲಿ ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಶೇ. 90ಕ್ಕಿಂತಲೂ ಹೆಚ್ಚು ಕಡಿಮೆಯಾದದ್ದು ಕಂಡುಬಂತು. 2022ರಲ್ಲಿ ಅಲ್ಲಿನ ಸರಕಾರವೇ 16 ಜಿಲ್ಲೆಗಳಿಗೆ ಇಂತಹ ಯೋಜನೆಯನ್ನು ಮಂಜೂರು ಮಾಡಿತು.

ಆದ್ದರಿಂದ ನಮ್ಮ ತರಗತಿಯ ಕ್ರಮವನ್ನೇ ತಿರುಗಿಸಬೇಕಾಗಿದೆ. ಇವತ್ತು ಈಜುಕೊಳಗಳಲ್ಲಿ ಮೊದಲು ಕೈಬೀಸುವುದನ್ನು, ಕಾಲು ಬಡಿಯುವುದನ್ನು, ವೇಗವನ್ನು ಕಲಿಸುತ್ತಾರೆ. ನಾವು ಮೊದಲ ದಿನ ಕಲಿಸಬೇಕಾದದ್ದು ಅಂಗಾತ ಮಲಗಿ ತೇಲುವುದನ್ನು. ಎರಡನೆಯದಾಗಿ, ತೊಟ್ಟ ಬಟ್ಟೆಯಲ್ಲೇ ನೀರಿಗೆ ಬಿದ್ದರೆ ತಿರುಗಿ ದಡ ಹಿಡಿದು ಮೇಲೇರುವುದನ್ನು. ಯಾಕೆಂದರೆ ಯಾವ ಮಗುವೂ ಈಜುಡುಗೆ ತೊಟ್ಟು ಹೊಂಡಕ್ಕೆ ಜಾರಿ ಬೀಳುವುದಿಲ್ಲ. ಮೂರನೆಯದಾಗಿ, ಗೆಳೆಯ ಮುಳುಗುತ್ತಿದ್ದರೆ ಧುಮುಕದೆ, ಕೂಗಿ ಕರೆದು, ಹಗ್ಗವನ್ನೋ ಗಳವನ್ನೋ ಖಾಲಿ ಕೊಡವನ್ನೋ ಎಸೆಯುವುದನ್ನು. ನಾಲ್ಕನೆಯದಾಗಿ, ಯಾವ ನೀರಿಗೆ ಇಳಿಯಲೇಬಾರದು ಎಂಬುದನ್ನು. ಇದನ್ನು ಬಿಟ್ಟು ಬರೀ ಈಜು ಕಲಿಸಿದರೆ ಮಗುವಿಗೆ ಹುಸಿ ಧೈರ್ಯ ಬರುತ್ತದೆ; ಕೊಳದಲ್ಲಿ ಕಲಿತದ್ದನ್ನು ಪ್ರವಾಹದ ಮಲಪ್ರಭೆಯಲ್ಲಿ ಪರೀಕ್ಷಿಸಲು ಹೊರಡುತ್ತದೆ. ಈ ನಾಲ್ಕರ ನಂತರ ಸ್ಪರ್ಧೆಗೆ ಹೋಗುವವರು ಹೋಗಲಿ, ಯಾರೂ ಬೇಡವೆನ್ನುವುದಿಲ್ಲ.

ಈಜು ಕಲಿಕೆಗೆ ತಕ್ಕ ವಯಸ್ಸು 6ರಿಂದ ಮೇಲೆ. ಅದಕ್ಕಿಂತ ಚಿಕ್ಕವರನ್ನು ಉಳಿಸುವುದು ಈಜಲ್ಲ, ಕಾವಲು. ಬಾಂಗ್ಲಾದೇಶದಲ್ಲಿ ಪುಟ್ಟ ಮಕ್ಕಳು ಹೆಚ್ಚಾಗಿ ಮುಳುಗುತ್ತಿದ್ದುದು ಬೆಳಗ್ಗೆ 9ರಿಂದ ಮಧ್ಯಾಹ್ನದ ನಡುವೆ, ಅಂದರೆ ತಾಯಿ ಮನೆಗೆಲಸದಲ್ಲಿ ಮುಳುಗಿರುವ ಹೊತ್ತಿನಲ್ಲಿ. ಇದಕ್ಕೆ ತಾಯಿಯನ್ನು ದೂರಿ ಪ್ರಯೋಜನವಿಲ್ಲ. ಕಂಡಿಕೆ ಸುತ್ತುವ ಕೈಗಳು ಏಕಕಾಲದಲ್ಲಿ ಮಗುವನ್ನೂ ಹಿಡಿಯಲಾರವು. ಓಣಿಯ ನಾಲ್ಕು ಮನೆಯವರು ಸರದಿಯಂತೆ ಮಕ್ಕಳನ್ನು ನೋಡಿಕೊಂಡರೆ, ಅಂಗನವಾಡಿಗೆ ತಪ್ಪದೆ ಕಳುಹಿಸಿದರೆ, ಅದುವೇ ರಕ್ಷಣೆ.

ಈಗ ಎಲ್ಲರ ಮನಸ್ಸಿನಲ್ಲಿದ್ದರೂ ಯಾರೂ ಬಾಯಿಬಿಟ್ಟು ಹೇಳದ ವಿಷಯಕ್ಕೆ ಬರೋಣ. ಹೆಣ್ಣುಮಕ್ಕಳಿಗೆ ಈಜು ಯಾಕೆ? ಈ ಪ್ರಶ್ನೆಗೆ ನಾವು ಮರುಪ್ರಶ್ನೆ ಹಾಕುತ್ತೇವೆ. ಹೊಳೆಗೆ ಬಟ್ಟೆ ಒಗೆಯಲು ಹೋಗುವವರು ಯಾರು? ಕೊಡ ಹಿಡಿದು ನೀರಿಗಿಳಿಯುವವರು ಯಾರು? 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಪ್ರಾಣ ಕಳಕೊಂಡರು. 2004ರ ಸುನಾಮಿಯಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಗಂಡಸರಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಹೆಂಗಸರು ಸತ್ತರೆಂದು ಆಕ್ಸ್‌ಫ್ಯಾಮ್ ಸಂಸ್ಥೆ 2005ರಲ್ಲಿ ವರದಿ ಮಾಡಿತು. ಸುನಾಮಿ ಬಡಿದ ಹಲವೆಡೆ ಹೆಂಗಸರಿಗೆ ಈಜಲು, ಮರವೇರಲು ಯಾರೂ ಕಲಿಸಿರಲಿಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ನೀರಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಭೇದ ಇರುವುದು ನಾವು ಕಲಿಸುವುದರಲ್ಲಿ.

ಲಜ್ಜೆ ನಮ್ಮ ಧರ್ಮದ ಮೌಲ್ಯ. ಅದನ್ನು ಯಾರೂ ಬಿಟ್ಟುಕೊಡಬೇಕಾಗಿಲ್ಲ. ಪ್ರತ್ಯೇಕ ಸಮಯ, ಮಹಿಳಾ ತರಬೇತುದಾರರು, ಮೈಮುಚ್ಚುವ ಉಡುಪು, ಮರೆಯಿರುವ ಜಾಗ. ಇಷ್ಟನ್ನು ಮಾಡಿದರೆ ಉಳಿಯುವ ಆಕ್ಷೇಪ ಯಾವುದು? ಮದುವೆಯ ಮಂಟಪದಲ್ಲಿ ಹೆಂಗಸರಿಗೆ ಪ್ರತ್ಯೇಕ ವ್ಯವಸ್ಥೆ ಮಾಡಲು ನಮಗೆ ದುಡ್ಡಿದೆ, ಜೀವ ಉಳಿಸುವ ವಿದ್ಯೆಗೆ ಒಂದು ಪರದೆ ಕಟ್ಟಲು ಇಲ್ಲವೇ?

ಮಕ್ಕಳಿಗೆ ಈಜು ಕಲಿಸಿ ಎಂಬ ಮಾತನ್ನು ಅನೇಕರು ಪ್ರವಾದಿವಚನವೆಂದು ಉಲ್ಲೇಖಿಸುತ್ತಾರೆ. ಹದೀಸ್ ವಿದ್ವಾಂಸರು ಆ ರೂಪದ ವರದಿಯನ್ನು ದುರ್ಬಲವೆಂದಿದ್ದಾರೆ. ಅದು ಹಝ್ರತ್ ಉಮರ್(ರ) ಅವರ ಸೂಚನೆಯೆಂದು ಪ್ರಸಿದ್ಧ. ಆದರೆ ವ್ಯರ್ಥ ವಿನೋದವೆನಿಸದ ನಾಲ್ಕು ಸಂಗತಿಗಳಲ್ಲಿ ಈಜು ಕಲಿಕೆಯನ್ನೂ ಎಣಿಸಿದ ವರದಿಯನ್ನು ಇಮಾಮ್ ನಸಾಈ ದಾಖಲಿಸಿದ್ದಾರೆ. ಬಾಲಕರಾಗಿದ್ದಾಗ ತಾಯಿಯೊಂದಿಗೆ ಮದೀನಕ್ಕೆ ಹೋದ ಪ್ರವಾದಿಯವರು(ಸ) ಅಲ್ಲಿನ ಬನೂ ಅದಿಯ್ಯ್ ಕುಟುಂಬದ ಬಾವಿಯಲ್ಲಿ ಈಜು ಕಲಿತದ್ದನ್ನು ಮುಂದೆ ಸ್ಮರಿಸಿಕೊಂಡರೆಂದು ಇಬ್ನು ಸಅದ್ ಬರೆದಿದ್ದಾರೆ. ಮುಳುಗಿ ಸತ್ತವರಿಗೆ ಶಹೀದರ ಸ್ಥಾನವಿದೆ ಎಂಬ ಹದೀಸನ್ನು ನಾವು ಮೃತರ ಮನೆಯಲ್ಲಿ ಹೇಳುತ್ತೇವೆ. ಅದು ನೊಂದವರಿಗೆ ಸಾಂತ್ವನ. ನಿರ್ಲಕ್ಷ್ಯಕ್ಕೆ ಅದು ಪರವಾನಿಗೆ ಆಗುವುದಾದರೂ ಹೇಗೆ? ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂದು ಕಲಿಸಿದ ಧರ್ಮ ನಮ್ಮದು. ಒಂದು ಜೀವ ಉಳಿಸಿದವನು ಇಡೀ ಮಾನವಕುಲವನ್ನು ಉಳಿಸಿದಂತೆ ಎಂದು ಪವಿತ್ರ ಕುರ್‌ಆನ್ ಹೇಳುವಾಗ ಅದು ಆ ಜೀವದ ಜಾತಿ ಕೇಳಿಲ್ಲ. ಆದ್ದರಿಂದ ನಮ್ಮ ತರಗತಿಯ ಬಾಗಿಲು ನೆರೆಯ ಎಲ್ಲ ಮಕ್ಕಳಿಗೂ ತೆರೆದಿರಬೇಕು.

ಇನ್ನೊಂದು ಮಾತು. ನೀರಿನಿಂದ ಎತ್ತಿದ ಮಗುವನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಅಮುಕುವುದು ನಮ್ಮಲ್ಲಿ ಇನ್ನೂ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ತಾಲೂಕಿನ ಹಳ್ಳಿಯೊಂದರಲ್ಲಿ ಮುಳುಗಿದ ಬಾಲಕನನ್ನು ಬದುಕುತ್ತಾನೆಂಬ ನಂಬಿಕೆಯಿಂದ ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿಟ್ಟು ಕಾದರು. ಆ ಹೆತ್ತವರನ್ನು ಗೇಲಿ ಮಾಡುವ ಹಕ್ಕು ನಮಗಿಲ್ಲ, ಯಾಕೆಂದರೆ ಸರಿಯಾದದ್ದನ್ನು ಯಾರೂ ಅವರಿಗೆ ಕಲಿಸಿರಲಿಲ್ಲ. ಉಸಿರು ನಿಂತ ಮೇಲೆ ಮಿದುಳಿಗೆ ಉಳಿದಿರುವುದು ಕೆಲವೇ ನಿಮಿಷ. ಉಸಿರಾಡದ ಮಗುವಿನ ಬಾಯಿಗೆ ಮೊದಲು ಉಸಿರು ಕೊಡಬೇಕು, ನಂತರ ಎದೆ ಒತ್ತಬೇಕು, 108ಕ್ಕೆ ಕರೆ ಹೋಗಬೇಕು. ಈಜು ತರಗತಿಯ ಒಂದು ದಿನವನ್ನು ಇದಕ್ಕೆಂದೇ ಮೀಸಲಿಟ್ಟು, ಆ ದಿನ ಪೋಷಕರನ್ನೂ ಕೂರಿಸಬೇಕು.

ಸರಕಾರದ ಹೊಣೆಯೇನೂ ಇಲ್ಲವೇ? ಖಂಡಿತ ಇದೆ. ಪ್ರವಾಹದಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರ ಕೊಡುವ ವ್ಯವಸ್ಥೆ, ಸಾಯದಂತೆ ಕಲಿಸಲು ಶಾಲೆಗೆ ಎಷ್ಟು ಖರ್ಚು ಮಾಡುತ್ತಿದೆ? ಮುಳುಗುವಿಕೆಯನ್ನು ತಡೆಯುವ ಕಾರ್ಯಚೌಕಟ್ಟೊಂದನ್ನು ಕೇಂದ್ರ ಆರೋಗ್ಯ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅದು ದಿಲ್ಲಿಯ ಕಡತದಿಂದ ಹುನಗುಂದದ ಹಳ್ಳಿಶಾಲೆಗೆ ಇಳಿಯಬೇಕು. ಮರುಜೀವ ಪಡೆದ ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿಬೇಲಿಯೂ ಸೇರಿದೆ. ಹಳೆಯ ಹೊಂಡಗಳಿಗೂ ಬೇಲಿ ಬೇಕು, ಕೈಬಿಟ್ಟ ಕಲ್ಲುಗಣಿಗಳಿಗೂ ಬೇಕು. ಇದನ್ನು ಮನವಿಪತ್ರದಲ್ಲಿ ಬರೆದು ಗ್ರಾಮ ಪಂಚಾಯತಿನಿಂದ ಜಿಲ್ಲಾಧಿಕಾರಿಯವರೆಗೆ ಒಯ್ಯೋಣ. ಆದರೆ ಉತ್ತರ ಬರುವ ತನಕ ಮಕ್ಕಳು ನೀರಿನಿಂದ ದೂರ ಇರುತ್ತಾರೆಂಬ ಭರವಸೆಯನ್ನು ಯಾರೂ ಕೊಡಲಾರರು.

ಆದ್ದರಿಂದ ಈ ಸಭೆಯಿಂದ ಎರಡು ತೀರ್ಮಾನಗಳನ್ನು ಬಯಸುತ್ತೇವೆ. ಒಂದು, ಈ ಬೇಸಿಗೆಯ ತರಗತಿ ಶುಲ್ಕರಹಿತವಾಗಲಿ, ಅದರಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗಿರಲಿ. ಎರಡು, ಮಳೆಗಾಲ ಬರುವ ಮುನ್ನ ನಮ್ಮ ಹೊಲಗಳ ಪ್ರತಿಯೊಂದು ಕೃಷಿ ಹೊಂಡಕ್ಕೂ ಒಂದು ಗಂಟಿನ ಹಗ್ಗ ಇಳಿಯಲಿ. ಎರಡಕ್ಕೂ ಬೇಕಾಗುವುದು ದೊಡ್ಡ ಮೊತ್ತವಲ್ಲ. ಮುಂದಿನ ಶುಕ್ರವಾರದೊಳಗೆ ಹಗ್ಗದ ಲೆಕ್ಕವನ್ನೂ ಮಕ್ಕಳ ಹೆಸರಿನ ಪಟ್ಟಿಯನ್ನೂ ಸಿದ್ಧಪಡಿಸೋಣ.